ಫೋಟೊ ತರಿತರಿಯಾಗಿ ಬರುತ್ತಿದೆಯೇ? ಮಿರರ್‌ಲೆಸ್ ಕ್ಯಾಮೆರಾದ ನಾಯ್ಸ್ ಪತ್ತೆ ಹಚ್ಚುವ ಬಗೆ

ಮಿರರ್‌ಲೆಸ್ ಕ್ಯಾಮೆರಾ ಹೊಸದಾಗಿ ಕೊಂಡವರ ದೂರು ಬಹುತೇಕ ಒಂದೇ ಥರ ಇರುತ್ತದೆ. ಹಗಲಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ಸಂಜೆಯ ಮೇಲೆ, ಇಲ್ಲವೇ ಕೋಣೆಯೊಳಗೆ ತೆಗೆದರೆ ಎಲ್ಲ ತರಿತರಿ. ಈ ತರಿಗೇ ನಾಯ್ಸ್ ಎನ್ನುತ್ತಾರೆ. ಜೊತೆಗೆ ಇನ್ನೊಂದು ಮಾತು: "ಫೋನಲ್ಲೇ ಇದಕ್ಕಿಂತ ಚೆನ್ನಾಗಿ ಬರುತ್ತೆ, ಅಲ್ವಾ?"

ಫೋನಿನ ಮಾತು ಮೊದಲು ಮುಗಿಸಿಬಿಡೋಣ. ಫೋನ್ ನೀವು ಒಂದು ಸಲ ಒತ್ತಿದಾಗ ಹಲವು ಚಿತ್ರ ತೆಗೆಯುತ್ತದೆ. ಅವನ್ನು ಒಂದರ ಮೇಲೊಂದು ಕೂಡಿಸಿ, ನಾಯ್ಸ್ ಒರೆಸಿ, ಚೂಪು ಮಾಡಿ ಕೈಗಿಡುತ್ತದೆ. ನಿಮ್ಮ ಕ್ಯಾಮೆರಾ ಸಾಮಾನ್ಯವಾಗಿ ಒಂದೇ ಚಿತ್ರ ತೆಗೆದು, ಇದ್ದದ್ದನ್ನು ಇದ್ದ ಹಾಗೆ ಕೊಡುತ್ತದೆ. ಹಾಗಾಗಿ ಫೋನಿಗಿಂತ ತರಿ ಜಾಸ್ತಿ ಕಂಡ ಮಾತ್ರಕ್ಕೆ ಬೆಳಕು ಸೆರೆಹಿಡಿಯುವ ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ನಿಜವಾಗಿ ಸೆನ್ಸರ್ ಕೆಟ್ಟಿರುವುದು ಅಪರೂಪ. ಹೆಚ್ಚಿನ ಸಲ ಯಾವುದೋ ಸೆಟ್ಟಿಂಗ್ ನಿಮಗೆ ಗೊತ್ತಾಗದಂತೆ ಐಎಸ್‌ಒ (ಬಂದ ಬೆಳಕಿನ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಎನ್ನುವ ಅಂಕಿ) ಏರಿಸಿರುತ್ತದೆ. ಇಲ್ಲವೇ ಐಎಸ್‌ಒ ಏರಬಾರದು ಎಂದು ನೀವೇ ಹಿಡಿದು ನಿಲ್ಲಿಸಿ ಚಿತ್ರವನ್ನು ಕತ್ತಲು ಮಾಡಿರುತ್ತೀರಿ. ಎರಡೂ ಮನೆಯಲ್ಲೇ ಸರಿಯಾಗುವಂಥವು.

ಮೊದಲು ಚಿತ್ರ ನೋಡಿ, ಆಮೇಲೆ ಮೆನು

ಮೆನುವಿಗೆ ಕೈ ಹಾಕುವ ಮೊದಲು ಕೆಟ್ಟ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ನಿಧಾನವಾಗಿ ನೋಡಿ. ತರಿ ಹೇಗಿದೆ ಎನ್ನುವುದೇ ಅರ್ಧ ಉತ್ತರ ಹೇಳುತ್ತದೆ.

ಚಿತ್ರದ ಉದ್ದಗಲಕ್ಕೂ ಸಣ್ಣ ಮರಳು ಹರಡಿದಂತೆ ಇದ್ದರೆ ಅದು ಬೆಳಕು ಸಾಲದೆ ಬಂದ ನಾಯ್ಸ್. ಬೆಳಕಿನ ಭಾಗಗಳು ಚೆನ್ನಾಗಿದ್ದು, ಕಪ್ಪು ಕೂದಲು, ಮೂಲೆಯ ನೆರಳುಗಳಲ್ಲಿ ಮಾತ್ರ ಕೆಂಪು ಹಸಿರು ಕಲೆ ಕಾಣುತ್ತಿದ್ದರೆ, ಚಿತ್ರ ಕತ್ತಲಾಗಿ ಸೆರೆಯಾಗಿ ಆಮೇಲೆ ಎತ್ತಲ್ಪಟ್ಟಿದೆ ಎಂದರ್ಥ. ಎತ್ತಿದ್ದು ನೀವೇ ಇರಬಹುದು, ಕ್ಯಾಮೆರಾವೇ ಇರಬಹುದು. ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಅದೇ ಬಣ್ಣದ ಚುಕ್ಕಿ ಇದ್ದರೆ ಅದು ಹಾಟ್ ಪಿಕ್ಸೆಲ್, ಅಂದರೆ ಬೆಳಕು ಬೀಳದಿದ್ದರೂ ಹೊಳೆಯುವ ಪಿಕ್ಸೆಲ್. ಅಡ್ಡ ಪಟ್ಟಿಗಳಿದ್ದರೆ ಅನುಮಾನ ಕೋಣೆಯ ದೀಪದ ಮೇಲೆ ಹೋಗಬೇಕು. ಮುಖ ಮೇಣ ಬಳಿದಂತೆ ನಯವಾಗಿ, ಕೂದಲೆಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಕಂಡರೆ ಅಲ್ಲಿ ನಾಯ್ಸ್ ಇಲ್ಲ. ನಾಯ್ಸ್ ಒರೆಸಲು ಹೋಗಿ ವಿವರವನ್ನೂ ಒರೆಸಿದ್ದಾರೆ, ಅಷ್ಟೇ.

ಅರ್ಧ ಚಿತ್ರ ಬೂದು ಬಣ್ಣಕ್ಕೆ ತಿರುಗಿದ್ದರೆ, ನೇರಳೆ ಬಣ್ಣದ ತುಂಡುಗಳು ಜಾಗ ತಪ್ಪಿ ಕೂತಿದ್ದರೆ ಈ ಬರಹ ನಿಮಗಲ್ಲ. ಅದು ಸಾಮಾನ್ಯವಾಗಿ ಕಾರ್ಡು, ಕಾರ್ಡ್ ರೀಡರ್ ಅಥವಾ ಕೇಬಲ್ಲಿನ ತೊಂದರೆ. ಕಾರ್ಡ್ ಬದಲಿಸಿ ನೋಡಿ.

ಇನ್ನೊಂದು ಗೊಂದಲ ಮಿರರ್‌ಲೆಸ್‌ನವರಿಗೇ ಮೀಸಲು. ಕತ್ತಲಲ್ಲಿ ವ್ಯೂಫೈಂಡರಿನೊಳಗೆ ಎಲ್ಲ ಮಿಣುಮಿಣು ಕುಣಿಯುತ್ತಿರುತ್ತದೆ. ಅದು ನಿಮಗೆ ದೃಶ್ಯ ಕಾಣಲಿ ಎಂದು ಕ್ಯಾಮೆರಾ ಕ್ಷಣಕ್ಷಣಕ್ಕೂ ಸಿಗ್ನಲ್ ಹಿಗ್ಗಿಸಿ ತೋರಿಸುತ್ತಿರುವ ನೋಟ. ಸೆರೆಯಾಗುವ ಚಿತ್ರಕ್ಕೂ ಅದಕ್ಕೂ ಸಂಬಂಧ ಕಡಿಮೆ. ಟ್ರೈಪಾಡಿನಲ್ಲಿಟ್ಟು ಐಎಸ್‌ಒ 100ರಲ್ಲಿ ಹತ್ತು ಸೆಕೆಂಡ್ ತೆಗೆಯುವಾಗಲೂ ವ್ಯೂಫೈಂಡರ್ ತರಿತರಿಯಾಗಿಯೇ ಇರುತ್ತದೆ. ತೆಗೆದ ಚಿತ್ರವನ್ನು ಮಾತ್ರ ನಂಬಿ.

ನೋಡುವ ಅಳತೆಯನ್ನೂ ಸರಿ ಮಾಡಿಕೊಳ್ಳಿ. 24 ಮೆಗಾಪಿಕ್ಸೆಲ್ ಚಿತ್ರ ಅಂದರೆ 6000 ಪಿಕ್ಸೆಲ್ ಅಗಲ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಶೇ. 100ಕ್ಕೆ ಹಿಗ್ಗಿಸಿದರೆ ನೀವು ಚಿತ್ರದ ಮೂರನೇ ಒಂದು ಭಾಗದ ಅಗಲವನ್ನಷ್ಟೇ ನೋಡುತ್ತಿದ್ದೀರಿ. ಅದೇ ಚಿತ್ರವನ್ನು 2000 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಒಂಬತ್ತು ಪಿಕ್ಸೆಲ್‌ಗಳು ಸೇರಿ ಒಂದಾಗುತ್ತವೆ, ತರಿ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಚಿತ್ರ ಕೊನೆಗೆ ಯಾವ ಅಳತೆಯಲ್ಲಿ ಬಳಕೆಯಾಗುತ್ತದೋ ಆ ಅಳತೆಯಲ್ಲೇ ನೋಡಿ. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ತರಿ ಹುಟ್ಟುವುದು ಎಲ್ಲಿ

ಬೆಳಕು ಸೆನ್ಸರಿನ ಮೇಲೆ ಒಂದೇ ಸಮ ಸುರಿಯುವುದಿಲ್ಲ. ಫೋಟಾನ್‌ಗಳು ಹಿಂದೆ ಮುಂದೆ, ಗೊತ್ತುಗುರಿಯಿಲ್ಲದೆ ಬಂದು ಬೀಳುತ್ತವೆ. ಒಂದು ಪಿಕ್ಸೆಲ್ಲಿಗೆ ಸರಾಸರಿ 10,000 ಫೋಟಾನ್ ಸಿಕ್ಕರೆ ಏರುಪೇರು ಸುಮಾರು 100, ಅಂದರೆ ನೂರರಲ್ಲಿ ಒಂದು. ಕಣ್ಣಿಗೆ ಕಾಣುವುದಿಲ್ಲ. ಬರೀ 100 ಸಿಕ್ಕರೆ ಏರುಪೇರು 10, ಹತ್ತರಲ್ಲಿ ಒಂದು. ಅದು ಢಾಳಾಗಿ ಕಾಣುತ್ತದೆ. ಇದರ ಮೇಲೆ ಸರ್ಕ್ಯೂಟು ತನ್ನದೊಂದು ಸಣ್ಣ ಗದ್ದಲ ಸೇರಿಸುತ್ತದೆ. ಬೆಳಕು ತೀರಾ ಕಡಿಮೆ ಇರುವ ನೆರಳಿನ ಭಾಗಗಳಲ್ಲಿ ಅದೂ ಎದ್ದು ಕಾಣುತ್ತದೆ.

ಐಎಸ್‌ಒ ಏರಿಸಿದರೆ ಸೆನ್ಸರಿಗೆ ಒಂದೇ ಒಂದು ಫೋಟಾನ್ ಕೂಡ ಜಾಸ್ತಿ ಬರುವುದಿಲ್ಲ. ಬಂದದ್ದನ್ನು ಹಿಗ್ಗಿಸಲಾಗುತ್ತದೆ, ಅಷ್ಟೇ. ಹೀಗಾಗಿ ಐಎಸ್‌ಒ 6400 ಎಂದು ಕಂಡಾಗ ಕೇಳಬೇಕಾದ ಪ್ರಶ್ನೆ: ಬೆಳಕು ಎಲ್ಲಿ ಕಡಿತವಾಯಿತು?

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಮ್ಯಾನುವಲ್ ಮೋಡಿನಲ್ಲಿ ಅಪರ್ಚರ್ (ಲೆನ್ಸ್ ತೆರೆದಿರುವ ಅಗಲ), ಶಟರ್ (ಬೆಳಕು ಒಳಬರುವ ಹೊತ್ತು) ಎರಡನ್ನೂ ಒಂದೇ ಕಡೆ ನಿಲ್ಲಿಸಿ, ಐಎಸ್‌ಒ 6400ರಲ್ಲಿ ಸರಿಯಾದ ಬೆಳಕಿನ ಒಂದು ಚಿತ್ರ ತೆಗೆಯಿರಿ. ಮಿಕ್ಕಿದ್ದೇನೂ ಬದಲಿಸದೆ ಐಎಸ್‌ಒ 800ಕ್ಕೆ ಇಳಿಸಿ ಇನ್ನೊಂದು ತೆಗೆಯಿರಿ. ಎರಡನೆಯದು ಕತ್ತಲಾಗಿ ಬರುತ್ತದೆ. ಅದರ ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಕಚ್ಚಾ ಫೈಲು) ಕಂಪ್ಯೂಟರಿನಲ್ಲಿ ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಎತ್ತಿ, ಎರಡನ್ನೂ ಪಕ್ಕಪಕ್ಕ ಇಡಿ. ಐಎಸ್‌ಒ 800ರದ್ದು ಹೆಚ್ಚೆಂದರೆ 6400ರಷ್ಟೇ ಚೆನ್ನಾಗಿರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಅದಕ್ಕಿಂತ ಕೆಟ್ಟದಾಗಿರುತ್ತದೆ. ಜೆಪೆಗ್‌ನಲ್ಲಿ ಮಾಡಿದರೆ ಫಲಿತಾಂಶ ನೋಡುವ ಹಾಗೇ ಇರುವುದಿಲ್ಲ.

ಸೆನ್ಸರಿನ ಅಳತೆಯ ಲೆಕ್ಕವೂ ಇದೇ ದಾರಿಯದು. ಫುಲ್ ಫ್ರೇಮ್ ಸೆನ್ಸರ್ 36 ಗುಣಿಸು 24 ಮಿಲಿಮೀಟರ್. ಎಪಿಎಸ್-ಸಿ ಸುಮಾರು 23.5 ಗುಣಿಸು 15.6. ಮೈಕ್ರೊ ಫೋರ್ ಥರ್ಡ್ಸ್ 17.3 ಗುಣಿಸು 13. ವಿಸ್ತೀರ್ಣದ ಲೆಕ್ಕದಲ್ಲಿ ಫುಲ್ ಫ್ರೇಮ್‌ಗೆ ಎಪಿಎಸ್-ಸಿಗಿಂತ ಎರಡೂಕಾಲು ಪಟ್ಟಿಗೂ ಸ್ವಲ್ಪ ಹೆಚ್ಚು, ಮೈಕ್ರೊ ಫೋರ್ ಥರ್ಡ್ಸ್‌ಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ಸ್ಟಾಪ್ ಲೆಕ್ಕದಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಮತ್ತು ಸುಮಾರು ಎರಡು. ಬೇರೆಯವರ ಫುಲ್ ಫ್ರೇಮ್ ಚಿತ್ರದ ಪಕ್ಕ ನಿಮ್ಮ ಚಿಕ್ಕ ಸೆನ್ಸರಿನ ಚಿತ್ರ ಇಟ್ಟು ಕೊರಗುತ್ತಿದ್ದರೆ ಅದು ದೋಷವಲ್ಲ, ಗಣಿತ.

ಐಎಸ್‌ಒ ಏರಿಸಿದ್ದು ಯಾರು?

ಪತ್ತೇದಾರಿ ಕೆಲಸ ಹೆಚ್ಚು ಇರುವುದು ಇಲ್ಲೇ. ಕೆಟ್ಟ ಚಿತ್ರದ ಮಾಹಿತಿ ತೆರೆದು ನಾಲ್ಕು ವಿಷಯ ಬರೆದುಕೊಳ್ಳಿ: ಐಎಸ್‌ಒ, ಶಟರ್ ವೇಗ, ಅಪರ್ಚರ್, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಅಳೆದದ್ದಕ್ಕಿಂತ ಚಿತ್ರವನ್ನು ಬೆಳಕು ಅಥವಾ ಕತ್ತಲು ಮಾಡುವ ಹೊಂದಾಣಿಕೆ).

ಮೊದಲ ಅನುಮಾನ ಶಟರ್ ಮೇಲೆ. ಆಟೊ ಐಎಸ್‌ಒ ಜೊತೆಗೆ ಕನಿಷ್ಠ ಶಟರ್ ವೇಗ ಎಂಬ ಇನ್ನೊಂದು ಸೆಟ್ಟಿಂಗ್ ಇರುತ್ತದೆ. ಸೋನಿಯಲ್ಲಿ ಅದರ ಹೆಸರು ಐಎಸ್‌ಒ ಆಟೊ ಮಿನಿಮಮ್ ಎಸ್‌ಎಸ್. ಉಳಿದವುಗಳಲ್ಲಿ ಆಟೊ ಐಎಸ್‌ಒ ಮೆನುವಿನ ಒಳಗೇ ಸಿಗುತ್ತದೆ. ಯಾವತ್ತೋ ಓಡುವ ನಾಯಿಯ ಫೋಟೊ ತೆಗೆಯಲು ಅದನ್ನು 1/500 ಸೆಕೆಂಡಿಗೆ ಇಟ್ಟು ಮರೆತಿದ್ದರೆ, ಅಲ್ಲಾಡದ ಹೂದಾನಿಯನ್ನೂ ಕ್ಯಾಮೆರಾ 1/500ರಲ್ಲೇ ತೆಗೆಯಲು ನೋಡುತ್ತದೆ. ಬೆಳಕಿನ ಕೊರತೆಯನ್ನು ಐಎಸ್‌ಒಯಿಂದ ತುಂಬಿಸುತ್ತದೆ. 1/500ರಿಂದ 1/125ಕ್ಕೆ ಇಳಿದರೆ ಎರಡು ಸ್ಟಾಪ್ ಉಳಿತಾಯ. 6400 ಇದ್ದದ್ದು 1600 ಆಗುತ್ತದೆ. ಕೂತು ಮಾತಾಡುವವರಿಗೆ 1/125 ಸಾಕು. ಗೋಡೆ, ಕಟ್ಟಡ, ಮೇಜಿನ ಮೇಲಿನ ವಸ್ತುಗಳಿಗೆ ಬಾಡಿಯೊಳಗಿನ ಸ್ಟೆಬಿಲೈಸೇಶನ್ ಇದ್ದರೆ ಕೈಯಲ್ಲೇ ಹಿಡಿದು 1/15ಕ್ಕೂ ಇಳಿಯಬಹುದು. ಆದರೆ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕವನ್ನು ಮಾತ್ರ ತಡೆಯುತ್ತದೆ, ಎದುರಿನ ಮಗುವಿನ ಓಟವನ್ನಲ್ಲ.

ಮ್ಯಾನುವಲ್ ಮೋಡಿನಲ್ಲಿದ್ದೇನೆ, ಎಲ್ಲ ನನ್ನ ಹಿಡಿತದಲ್ಲಿದೆ ಎನ್ನುವವರು ಐಎಸ್‌ಒ ಕಡೆ ಒಮ್ಮೆ ನೋಡಿ. ಅಲ್ಲಿ ಆಟೊ ಎಂದಿದ್ದರೆ ಬೆಳಕಿನ ತೀರ್ಮಾನವನ್ನು ಈಗಲೂ ಕ್ಯಾಮೆರಾವೇ ಮಾಡುತ್ತಿದೆ. ನೀವು ಶಟರ್ ವೇಗ ಏರಿಸಿದಷ್ಟೂ ಅದು ಸುಮ್ನೆ ಐಎಸ್‌ಒ ಏರಿಸುತ್ತಾ ಹೋಗುತ್ತದೆ. ಚಿತ್ರ ಕತ್ತಲಾಗುವುದಿಲ್ಲವಾದ್ದರಿಂದ ಗೊತ್ತೇ ಆಗುವುದಿಲ್ಲ.

ಎರಡನೆಯದು ಲೆನ್ಸ್. ಕ್ಯಾಮೆರಾ ಜೊತೆ ಬರುವ ಝೂಮ್ ಲೆನ್ಸಿನ ಮೇಲೆ 3.5-5.6 ಎಂದು ಬರೆದಿದ್ದರೆ, ಪೂರ್ತಿ ಝೂಮ್ ಮಾಡಿದಾಗ ಅದು ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಈ ಅಂಕಿ ಚಿಕ್ಕದಾದಷ್ಟೂ ತೆರವು ದೊಡ್ಡದು. ಎಫ್ 1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. 6400 ಕೇಳುತ್ತಿದ್ದ ಜಾಗದಲ್ಲಿ 640ರ ಆಸುಪಾಸಿಗೆ ಇಳಿಯಬಹುದು. ನಾಯ್ಸ್ ಕಾರಣಕ್ಕೆ ಹೊಸ ಬಾಡಿ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಯಾವಾಗಲೂ ಒಂದೇ: ಮೊದಲು ಒಂದು ಎಫ್ 1.8 ಪ್ರೈಮ್ (ಝೂಮ್ ಆಗದ) ಲೆನ್ಸ್ ಹಾಕಿ ನೋಡಿ. ಫೋಕಸ್ ಆಗುವ ಆಳ ಕಡಿಮೆ ಆಗುತ್ತದೆ, ಗುಂಪಿನ ಚಿತ್ರಕ್ಕೆ ಅದು ತೊಂದರೆಯೇ. ಆದರೆ ಹಾಗೆ ಸಿಗುವ ಮೂರು ಸ್ಟಾಪ್ ಅದೇ ಅಳತೆಯ ಸೆನ್ಸರಿನ ಯಾವ ಹೊಸ ಬಾಡಿಯಿಂದಲೂ ಸಿಗುವುದಿಲ್ಲ.

ಲೆನ್ಸಿನ ಮುಂದೆ ಏನಾದರೂ ಉಳಿದುಬಿಟ್ಟಿದೆಯಾ ಎಂದೂ ನೋಡಿ. ಪೋಲರೈಸರ್ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಬೆಳಕು ತಗ್ಗಿಸಲೆಂದೇ ಇರುವ ಎನ್‌ಡಿ ಫಿಲ್ಟರ್ ಇನ್ನೂ ಜಾಸ್ತಿ.

ಇನ್ನು ಮೆನುವಿನಲ್ಲಿ ಅಡಗಿ ಕೂತವು. ಬೆಳಕಿನ ಭಾಗ ಸುಟ್ಟುಹೋಗದಂತೆ ಕಾಪಾಡುವ ಸೆಟ್ಟಿಂಗ್‌ಗಳು ಬಹಳ ಸಲ ಐಎಸ್‌ಒಯ ಕನಿಷ್ಠ ಮಟ್ಟವನ್ನೇ ಏರಿಸುತ್ತವೆ. ಫ್ಯೂಜಿಫಿಲ್ಮ್ ಎಕ್ಸ್-ಟಿ3ರ ಮೂಲ ಐಎಸ್‌ಒ 160. ಅದರಲ್ಲಿ ಡೈನಮಿಕ್ ರೇಂಜ್ ಸೆಟ್ಟಿಂಗ್ ಡಿಆರ್ 200 ಇಟ್ಟರೆ 320ಕ್ಕಿಂತ, ಡಿಆರ್ 400 ಇಟ್ಟರೆ 640ಕ್ಕಿಂತ ಕೆಳಗೆ ಹೋಗಲು ಬಿಡುವುದಿಲ್ಲ. ಕ್ಯಾನನ್‌ನಲ್ಲಿ ಹೈಲೈಟ್ ಟೋನ್ ಪ್ರಯಾರಿಟಿ ಹಾಕಿದರೆ ಐಎಸ್‌ಒ 200ರಿಂದ ಶುರು. ವಿಡಿಯೊಗೆಂದು ಹಾಕಿದ ಲಾಗ್ ಪ್ರೊಫೈಲ್ (ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಸಪ್ಪೆಯಾಗಿ ಸೆರೆಹಿಡಿಯುವ ಬಗೆ) ಫೋಟೊದಲ್ಲೂ ಉಳಿದುಬಿಟ್ಟರಂತೂ ಕೇಳಲೇಬೇಡಿ. ಸೋನಿ ಎ7 III ಎಸ್-ಲಾಗ್‌ನಲ್ಲಿ 800ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಚಟಚಟ ಬಿಸಿಲಲ್ಲೂ ಐಎಸ್‌ಒ 800 ಎಂದು ತೋರಿಸಿ, ಚಿತ್ರ ಬೂದುಬೂದಾಗಿ ಬರುತ್ತಿದ್ದರೆ ಹುಡುಕಬೇಕಾದ ಜಾಗ ಪಿಕ್ಚರ್ ಪ್ರೊಫೈಲ್.

ನೆರಳನ್ನು ತಾನಾಗಿ ಎತ್ತುವ ಸೆಟ್ಟಿಂಗ್‌ಗಳು ಇನ್ನೊಂದು ಬಗೆ. ನಿಕಾನ್‌ನ ಆ್ಯಕ್ಟಿವ್ ಡಿ-ಲೈಟಿಂಗ್, ಸೋನಿಯ ಡಿಆರ್‌ಒ, ಕ್ಯಾನನ್‌ನ ಆಟೊ ಲೈಟಿಂಗ್ ಆಪ್ಟಿಮೈಸರ್ ಇಂಥವು. ಹಗಲಲ್ಲಿ ಉಪಯೋಗಕ್ಕೆ ಬರುತ್ತವೆ. ಹೆಚ್ಚಿನ ಐಎಸ್‌ಒನಲ್ಲಿ ಜೆಪೆಗ್‌ನ ಕತ್ತಲ ಭಾಗವನ್ನು ಎತ್ತಿ ಅಲ್ಲಿನ ತರಿಯನ್ನು ಬೆಳಕಿಗೆ ತರುತ್ತವೆ. ರಾತ್ರಿ ಚಿತ್ರಗಳಿಗೆ ಆಫ್ ಮಾಡಿ.

ಫುಲ್ ಫ್ರೇಮ್ ಕ್ಯಾಮೆರಾದಿಂದ 24ರ ಬದಲು ಸುಮಾರು 10 ಮೆಗಾಪಿಕ್ಸೆಲ್ ಚಿತ್ರ ಬರುತ್ತಿದ್ದರೆ ಕ್ರಾಪ್ ಮೋಡ್ ಆನ್ ಆಗಿದೆ. ಸೆನ್ಸರಿನ ಅರ್ಧಕ್ಕಿಂತ ಹೆಚ್ಚು ಭಾಗ ಸುಮ್ಮನೆ ಕೂತಿದೆ. ಎಪಿಎಸ್-ಸಿಗೆಂದು ಮಾಡಿದ ಲೆನ್ಸ್ ಹಾಕಿದರೆ ಕೆಲವು ಬಾಡಿಗಳು ತಾವಾಗಿಯೇ ಹೀಗೆ ಮಾಡುತ್ತವೆ. ಡಿಜಿಟಲ್ ಝೂಮ್ ಕೂಡ ಇದೇ ಜಾತಿ.

ಕಡಿಮೆ ಐಎಸ್‌ಒ ಎಂಬ ಹಠ

ನಾಯ್ಸ್‌ಗೆ ಹೆದರಿ ಐಎಸ್‌ಒಯನ್ನು 800ಕ್ಕೆ ಕಟ್ಟಿಹಾಕುವವರಿದ್ದಾರೆ. ಪರಿಣಾಮ ಎರಡರಲ್ಲಿ ಒಂದು. ಶಟರ್ ನಿಧಾನವಾಗಿ ಚಿತ್ರ ಮಸುಕಾಗುತ್ತದೆ, ಇಲ್ಲವೇ ಕತ್ತಲಾಗಿ ಬಂದು ಆಮೇಲೆ ಎತ್ತಬೇಕಾಗುತ್ತದೆ. ಎತ್ತಿದರೆ ಏನಾಗುತ್ತದೆ ಎಂದು ಮೇಲಿನ ಪ್ರಯೋಗದಲ್ಲೇ ನೋಡಿದ್ದೀರಿ. ಮಸುಕಾದದ್ದಕ್ಕಂತೂ ಮದ್ದಿಲ್ಲ. ತರಿ ಇರುವ ಚೂಪಾದ ಚಿತ್ರವನ್ನು ಸುಧಾರಿಸಬಹುದು, ಮುಖ ಕದಲಿದ ನಯವಾದ ಚಿತ್ರವನ್ನು ಏನು ಮಾಡುತ್ತೀರಿ?

ಇದರ ಜೊತೆ ಡ್ಯುಯಲ್ ಗೇನ್ ಎಂಬುದೊಂದಿದೆ. ಈಗಿನ ಹಲವು ಸೆನ್ಸರ್‌ಗಳು ಒಂದು ಹಂತ ದಾಟಿದ ಮೇಲೆ ಸರ್ಕ್ಯೂಟಿನ ಗದ್ದಲ ಕಡಿಮೆ ಇರುವ ಇನ್ನೊಂದು ದಾರಿಗೆ ಹೊರಳುತ್ತವೆ. ಸೋನಿ ಎ7 III ಫೋಟೊದಲ್ಲಿ 640ರಲ್ಲಿ, ನಿಕಾನ್ ಝಡ್6 800ರಲ್ಲಿ ಹೀಗೆ ಮಾಡುತ್ತವೆ. ಹಾಗಾಗಿ ಎ7 IIIರಲ್ಲಿ 500 ಇಟ್ಟು ಕತ್ತಲಾಗಿ ತೆಗೆದು ಎತ್ತುವುದಕ್ಕಿಂತ 640 ಇಡುವುದೇ ನೆರಳಿಗೆ ಒಳ್ಳೆಯದು. ವಿಡಿಯೊದಲ್ಲಿ ಇದನ್ನು ನೇರವಾಗಿಯೇ ಹೇಳುತ್ತಾರೆ. ಪ್ಯಾನಸೋನಿಕ್ ಜಿಎಚ್5ಎಸ್‌ಗೆ 400 ಮತ್ತು 2500 ಎಂದು ಎರಡು ಮೂಲ ಐಎಸ್‌ಒಗಳಿವೆ.

ಅದೇ ಕಾರಣಕ್ಕೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಡಯಲ್ ಮೈನಸ್ ಒಂದರಲ್ಲಿ ಸಿಕ್ಕಿಕೊಂಡಿದೆಯಾ ಎಂದು ನೋಡಿ. ಚೀಲದಿಂದ ತೆಗೆಯುವಾಗ ಬಹಳ ಸುಲಭವಾಗಿ ತಿರುಗಿಬಿಡುತ್ತದೆ. ಹಿಸ್ಟೊಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ಆನ್ ಇಟ್ಟುಕೊಂಡು, ಬೆಳಕಿನ ಭಾಗ ಸುಟ್ಟುಹೋಗದಷ್ಟು ಅದನ್ನು ಬಲಕ್ಕೆ ತಳ್ಳಿ. ಹಿಂದಿನ ಪರದೆಯ ಹೊಳಪನ್ನು ನಂಬಬೇಡಿ. ಕತ್ತಲ ಕೋಣೆಯಲ್ಲಿ ಕತ್ತಲ ಚಿತ್ರವೂ ಬೆಳ್ಳಗೆ ಕಾಣುತ್ತದೆ.

ಹಳದಿ ದೀಪದ ಕೆಳಗೆ ನೀಲಿ ಬೆಳಕು ಬಹಳ ಕಡಿಮೆ ಇರುತ್ತದೆ. ವೈಟ್ ಬ್ಯಾಲೆನ್ಸ್ ಸರಿ ಮಾಡಲು, ಅಂದರೆ ಬಿಳಿ ಬಿಳಿಯಾಗಿಯೇ ಕಾಣಲು, ನೀಲಿ ಚಾನೆಲ್ಲನ್ನು ಮಾತ್ರ ಜೋರಾಗಿ ಹಿಗ್ಗಿಸಬೇಕಾಗುತ್ತದೆ, ಅದರೊಳಗಿನ ತರಿಯೂ ಹಿಗ್ಗುತ್ತದೆ. ಅದೇ ಐಎಸ್‌ಒನಲ್ಲಿ ಕಿಟಕಿ ಬೆಳಕಿನ ಚಿತ್ರ ಚೆನ್ನಾಗಿದ್ದು ಹಳದಿ ದೀಪದ್ದು ಕೆಟ್ಟದಾಗಿರಲು ಇದೇ ಕಾರಣ. ಚಿತ್ರದಲ್ಲಿ ಸ್ವಲ್ಪ ಹಳದಿ ಉಳಿಸಿದರೆ ತರಿ ಕಡಿಮೆ, ನೋಟಕ್ಕೂ ಬೆಚ್ಚಗಿರುತ್ತದೆ.

ಅಡ್ಡ ಪಟ್ಟಿಗಳು

ಅಗಲವಾದ, ಒಂದೇ ಅಂತರದ, ಬೆಳಕು ಕತ್ತಲು ಬೆಳಕು ಎಂದು ಸಾಗುವ ಪಟ್ಟಿಗಳಿಗೆ ಐಎಸ್‌ಒ ಕಾರಣವಲ್ಲ. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಸಲ, 60 ಹರ್ಟ್ಸಿನದು 120 ಸಲ ಮಿನುಗುತ್ತದೆ. ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದಿ ಮುಗಿಸಲು 1/20 ಸೆಕೆಂಡ್ ಬೇಕಾದರೆ ಅಷ್ಟರಲ್ಲಿ ಆ 100ರ ದೀಪ ಐದು ಸಲ ಮಿನುಗಿರುತ್ತದೆ. ಚಿತ್ರದಲ್ಲಿ ಐದು ಪಟ್ಟಿ.

ಮೆಕ್ಯಾನಿಕಲ್ ಶಟರಿಗೆ ಬದಲಿಸಿ ಅದೇ ಜಾಗದಲ್ಲಿ ತೆಗೆಯಿರಿ. ಪಟ್ಟಿ ಹೋದರೆ ರೋಗ ಗೊತ್ತಾಯಿತು. ಸದ್ದು ಮಾಡುವಂತಿಲ್ಲದ ಜಾಗವಾದರೆ 50 ಹರ್ಟ್ಸಿಗೆ 1/50 ಅಥವಾ 1/100, 60 ಹರ್ಟ್ಸಿಗೆ 1/60 ಅಥವಾ 1/120 ಇಡಿ. ಎಲ್‌ಇಡಿ ವೇದಿಕೆ ದೀಪಗಳು, ದೊಡ್ಡ ಎಲ್‌ಇಡಿ ಪರದೆಗಳು ಬೇರೆ ವೇಗದಲ್ಲಿ ಮಿನುಗುವುದರಿಂದ ಸಣ್ಣ ಸಣ್ಣ ಪಟ್ಟಿ ಬರುತ್ತದೆ. ಕೆಲವು ಹೊಸ ಕ್ಯಾಮೆರಾಗಳಲ್ಲಿ ಶಟರ್ ವೇಗವನ್ನು ದಶಾಂಶದ ಲೆಕ್ಕದಲ್ಲಿ ಬದಲಿಸಿ ಪಟ್ಟಿ ಮಾಯವಾಗುವ ಜಾಗ ಹುಡುಕಬಹುದು. 2023ರಲ್ಲಿ ಪ್ರಕಟವಾದ ಸೋನಿ ಎ9 IIIರಲ್ಲಿ ಗ್ಲೋಬಲ್ ಶಟರ್ ಇರುವುದರಿಂದ ಇಡೀ ಸೆನ್ಸರ್ ಒಂದೇ ಕ್ಷಣಕ್ಕೆ ಸೆರೆಯಾಗುತ್ತದೆ, ಈ ಪಟ್ಟಿಯ ಕಾಟವೇ ಇಲ್ಲ. ಅದರ ಮೂಲ ಐಎಸ್‌ಒ ಮಾತ್ರ 250.

ಎಲೆಕ್ಟ್ರಾನಿಕ್ ಶಟರಿಗೆ ಇನ್ನೊಂದು ಸಣ್ಣ ಬೆಲೆಯೂ ಇದೆ. ಕ್ಯಾನನ್ ಇಒಎಸ್ ಆರ್6ರಂಥ ಕೆಲವು ಕ್ಯಾಮೆರಾಗಳಲ್ಲಿ ರಾ ಫೈಲ್ 14 ಬಿಟ್ ಬದಲು 12 ಬಿಟ್‌ಗೆ ಇಳಿಯುತ್ತದೆ. ಕಡಿಮೆ ಐಎಸ್‌ಒನಲ್ಲಿ ನೆರಳು ಜೋರಾಗಿ ಎತ್ತಿದರೆ ವ್ಯತ್ಯಾಸ ಕಾಣಬಹುದು. 6400ರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ.

ಎದುರು ಬಿಸಿಲಿಗೆ ತೆಗೆದ ಚಿತ್ರದಲ್ಲಿ, ಬೆಳಕು ಚೆಲ್ಲಿ ಮಂಜಾದ ಭಾಗದಲ್ಲಿ ಮಾತ್ರ ಕೂದಲೆಳೆಯಂಥ ಗೆರೆಗಳಿದ್ದರೆ ಅದು ಸೆನ್ಸರಿನ ಮೇಲಿರುವ ಫೋಕಸ್ ಪಿಕ್ಸೆಲ್‌ಗಳ ಕೆಲಸ. ಲೆನ್ಸ್ ಹುಡ್ ಹಾಕಿ, ಕೋನ ಸ್ವಲ್ಪ ಬದಲಿಸಿ. ತೆಗೆದಾಗಿದ್ದರೆ ರಾ ಥೆರಪಿ ಎಂಬ ಸಾಫ್ಟ್‌ವೇರಿನಲ್ಲಿ ಇದಕ್ಕೆಂದೇ ಒಂದು ಫಿಲ್ಟರ್ ಇದೆ.

ಜಾಗ ಬಿಡದ ಚುಕ್ಕಿಗಳು

ಬಾಡಿ ಕ್ಯಾಪ್ ಹಾಕಿ, ಅಥವಾ ಲೆನ್ಸ್ ಮುಚ್ಚಿ. ಮ್ಯಾನುವಲ್ ಮೋಡ್, ಮ್ಯಾನುವಲ್ ಫೋಕಸ್. ಐಎಸ್‌ಒ 1600, 1/30 ಸೆಕೆಂಡ್. ಎರಡು ಮೂರು ಚಿತ್ರ ತೆಗೆದು ಶೇ. 100ಕ್ಕೆ ಹಿಗ್ಗಿಸಿ ನೋಡಿ. ಬಾಡಿ ಕ್ಯಾಪ್ ಹಾಕಿದಾಗ ಲೆನ್ಸ್ ಇಲ್ಲದೆ ಕ್ಲಿಕ್ ಆಗದಿದ್ದರೆ, ಲೆನ್ಸ್ ಇಲ್ಲದೆಯೂ ತೆಗೆಯಲು ಬಿಡುವ ಸೆಟ್ಟಿಂಗ್ ಆನ್ ಮಾಡಬೇಕು.

ಎಲ್ಲ ಚಿತ್ರದಲ್ಲೂ ಅದೇ ಜಾಗದಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕಿ ಕಂಡರೆ ಹಾಟ್ ಪಿಕ್ಸೆಲ್. ಜಾಗ ಬದಲಾಗುತ್ತಿದ್ದರೆ ಮಾಮೂಲಿ ನಾಯ್ಸ್. ಇದನ್ನು ಕ್ಯಾಮೆರಾದ ಪರದೆಯಲ್ಲೇ, ಜೆಪೆಗ್‌ನಲ್ಲಿ ನೋಡುವುದು ಒಳ್ಳೆಯದು. ರಾ ಫೈಲ್ ತೆರೆಯುವ ಕೆಲವು ಸಾಫ್ಟ್‌ವೇರ್‌ಗಳು ಇಂಥ ಚುಕ್ಕಿಯನ್ನು ಕೇಳದೆಯೇ ಅಳಿಸಿಬಿಡುತ್ತವೆ.

ಕೋಟ್ಯಂತರ ಪಿಕ್ಸೆಲ್‌ಗಳಲ್ಲಿ ನಾಲ್ಕಾರು ಹೀಗಾಗುವುದು ಸಹಜ. ಕ್ಯಾಮೆರಾದಲ್ಲಿ ಪಿಕ್ಸೆಲ್ ಮ್ಯಾಪಿಂಗ್ ಎಂಬುದಿದ್ದರೆ ಓಡಿಸಿ. ಪ್ಯಾನಸೋನಿಕ್‌ನಲ್ಲಿ ಅದರ ಹೆಸರು ಪಿಕ್ಸೆಲ್ ರಿಫ್ರೆಶ್. ಕ್ಯಾಮೆರಾ ಆ ಪಿಕ್ಸೆಲ್‌ಗಳನ್ನು ಗುರುತಿಟ್ಟುಕೊಂಡು ಅಕ್ಕಪಕ್ಕದವುಗಳಿಂದ ತುಂಬಿಸುತ್ತದೆ. ಕ್ಯಾಮೆರಾ ಬಿಸಿ ಇರುವಾಗ ಮಾಡಬೇಡಿ, ತಣ್ಣಗಾಗಲು ಬಿಡಿ.

ಬಿಸಿಯ ವಿಷಯ ಸಣ್ಣದಲ್ಲ. ಸೆನ್ಸರಿನ ಉಷ್ಣತೆ ಆರರಿಂದ ಎಂಟು ಡಿಗ್ರಿ ಸೆಲ್ಸಿಯಸ್ ಏರಿದಾಗಲೆಲ್ಲ ಬೆಳಕಿಲ್ಲದೆಯೂ ಹುಟ್ಟುವ ಸಿಗ್ನಲ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅರ್ಧ ಗಂಟೆ 4ಕೆ ವಿಡಿಯೊ ಮಾಡಿ ಕೂಡಲೇ ನಕ್ಷತ್ರಗಳ 30 ಸೆಕೆಂಡಿನ ಚಿತ್ರ ತೆಗೆದರೆ ಪರದೆ ತುಂಬ ಚುಕ್ಕಿ ಸುರಿದಿರುತ್ತದೆ, ಅದರಲ್ಲಿ ಎಲ್ಲವೂ ನಕ್ಷತ್ರವಲ್ಲ. ಅಂಥಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಮಾಡಿ. ಅದು ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಇನ್ನೊಂದು ಕತ್ತಲ ಚಿತ್ರ ತೆಗೆದು ಮೊದಲನೆಯದರಿಂದ ಕಳೆಯುತ್ತದೆ. 30 ಸೆಕೆಂಡಿನ ಚಿತ್ರಕ್ಕೆ ಒಂದು ನಿಮಿಷ. ಕ್ಯಾಮೆರಾ ಹ್ಯಾಂಗ್ ಆಯಿತೆಂದು ಬ್ಯಾಟರಿ ಎಳೆಯಬೇಡಿ.

ಜೆಪೆಗ್ ನಯ, ರಾ ತರಿ

ಜೆಪೆಗ್ ಚೆನ್ನಾಗಿದೆ, ರಾ ಫೈಲ್ ತೆರೆದರೆ ತರಿತರಿ ಎಂಬ ದೂರು ದೋಷವೇ ಅಲ್ಲ. ಕ್ಯಾಮೆರಾದ ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಸಾಮಾನ್ಯವಾಗಿ ಜೆಪೆಗ್ ಮೇಲಷ್ಟೇ ಕೆಲಸ ಮಾಡುತ್ತದೆ. ರಾ ಫೈಲ್ ತೆರೆದಾಗ ಆ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಇದರ ಉಲ್ಟಾ ದೂರು, ಜೆಪೆಗ್‌ನಲ್ಲಿ ಮುಖ ಮೇಣದಂತಿದೆ ಎನ್ನುವುದಕ್ಕೆ, ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಅನ್ನು ಲೋಗೆ ಇಳಿಸಿ.

ತರಿಯಲ್ಲಿ ಎರಡು ಜಾತಿ. ಬೂದು ಬಣ್ಣದ ಮರಳಿನಂಥದ್ದು ಕಣ್ಣಿಗೆ ಅಷ್ಟು ಕಾಟ ಕೊಡುವುದಿಲ್ಲ. ಕೆಂಪು ಹಸಿರು ಕಲೆಗಳು ಕೊಡುತ್ತವೆ. ಆದ್ದರಿಂದ ಬಣ್ಣದ ತರಿಯನ್ನು ಧಾರಾಳವಾಗಿ ಒರೆಸಿ, ಬೂದು ತರಿಯನ್ನು ಸ್ವಲ್ಪ ಉಳಿಸಿ. ಫೋಟೊ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್ ರಾ ಫೈಲಿಗೆ ತಾನಾಗಿಯೇ ಬಣ್ಣದ ನಾಯ್ಸ್ ರಿಡಕ್ಷನ್ 25, ಶಾರ್ಪನಿಂಗ್ 40 ಹಾಕಿರುತ್ತದೆ. ಆ 40 ತರಿಯನ್ನೂ ಚೂಪು ಮಾಡುತ್ತದೆ. ಹೆಚ್ಚಿನ ಐಎಸ್‌ಒ ಚಿತ್ರಕ್ಕೆ ಅದನ್ನು ಇಳಿಸಿ, ಇಲ್ಲವೇ ಮಾಸ್ಕಿಂಗ್ ಏರಿಸಿ ಅಂಚುಗಳಿಗೆ ಮಾತ್ರ ತಾಗುವಂತೆ ಮಾಡಿ. ಡಾರ್ಕ್‌ಟೇಬಲ್ ಬಳಸುವವರಿಗೆ ಕ್ಯಾಮೆರಾಗೆ ತಕ್ಕ ಪ್ರೊಫೈಲ್ ಇರುವ ಡಿನಾಯ್ಸ್ ಮಾಡ್ಯೂಲ್ ಇದೆ, ಅದು ಪುಕ್ಕಟೆ.

2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಎಐ ಡಿನಾಯ್ಸ್ ಬಂತು. ಡಿಎಕ್ಸ್‌ಒದ ಡೀಪ್‌ಪ್ರೈಮ್ ಅದಕ್ಕೂ ಹಳೆಯದು. ಇವು ನಿಜಕ್ಕೂ ಚೆನ್ನಾಗಿವೆ, 6400ರ ಚಿತ್ರಗಳನ್ನು ಈಗ ನಾನು ಹಿಂದೆಮುಂದೆ ನೋಡದೆ ತೆಗೆಯುತ್ತೇನೆ. ಆದರೆ ಪೂರ್ತಿ ಏರಿಸಿದರೆ ಚರ್ಮ ಪ್ಲಾಸ್ಟಿಕ್ ಆಗುತ್ತದೆ, ದೂರದ ಬೋರ್ಡಿನ ಅಕ್ಷರಗಳು ಯಾವ ಭಾಷೆಯದ್ದೂ ಅಲ್ಲದ ಆಕಾರ ತಾಳುತ್ತವೆ. ಅರ್ಧದಲ್ಲಿ ಶುರು ಮಾಡಿ.

ಕದಲದ ದೃಶ್ಯವಾದರೆ ಫೋನಿನ ಉಪಾಯವನ್ನೇ ಎರವಲು ತರಬಹುದು. ಒಂದೇ ಸೆಟ್ಟಿಂಗಿನಲ್ಲಿ ನಾಲ್ಕು ಚಿತ್ರ ತೆಗೆದು ಸರಾಸರಿ ಮಾಡಿದರೆ ತರಿ ಅರ್ಧಕ್ಕೆ, ಹದಿನಾರು ಚಿತ್ರಕ್ಕೆ ಕಾಲು ಭಾಗಕ್ಕೆ ಇಳಿಯುತ್ತದೆ.

ನಾನು ಇಡುವ ಸೆಟ್ಟಿಂಗ್

ರಾ ಮತ್ತು ಜೆಪೆಗ್ ಎರಡೂ. ಶಟರ್ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಶುರು ಎಲೆಕ್ಟ್ರಾನಿಕ್, ಮುಗಿಯುವುದು ಮೆಕ್ಯಾನಿಕಲ್). ಅಪರ್ಚರ್ ಪ್ರಯಾರಿಟಿ, ಆಟೊ ಐಎಸ್‌ಒ, ಕನಿಷ್ಠ ಶಟರ್ 1/125. ಆಟೊ ಐಎಸ್‌ಒಗೆ ಮೇಲ್ಮಿತಿ ಫುಲ್ ಫ್ರೇಮಿನಲ್ಲಿ 12800, ಎಪಿಎಸ್-ಸಿಯಲ್ಲಿ 6400, ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 3200. ಇವು ಶುರು ಮಾಡಲು ಮಾತ್ರ, ನಿಮ್ಮ ಕಣ್ಣಿಗೆ ಒಪ್ಪಿದಂತೆ ಬದಲಿಸಿಕೊಳ್ಳಿ. ಎಚ್ ಅಕ್ಷರ ಹಚ್ಚಿಕೊಂಡ ವಿಸ್ತರಿತ ಐಎಸ್‌ಒಗಳಿಗೆ ಹೋಗಬೇಡಿ, ಅಲ್ಲಿ ನಡೆಯುವುದು ಹೆಚ್ಚಾಗಿ ಸಾಫ್ಟ್‌ವೇರಿನ ಹಿಗ್ಗಿಸುವಿಕೆ. ಕನಿಷ್ಠ ಶಟರ್ ವೇಗವನ್ನು ಒಂದು ಕಸ್ಟಮ್ ಬಟನ್ನಿಗೆ ಕೊಟ್ಟುಬಿಡಿ. ದಿನದಲ್ಲಿ ಹಲವು ಸಲ ಬೇಕಾಗುವುದು ಅದೇ, ಮೆನುವಿನ ಆಳದಲ್ಲಿ ಅದನ್ನು ಹೂತಿಟ್ಟವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಸರ್ವಿಸ್ ಸೆಂಟರ್ ದಾರಿ ಹಿಡಿಯುವುದು ಯಾವಾಗ

ಎಲ್ಲ ಸೆಟ್ಟಿಂಗ್ ರಿಸೆಟ್ ಮಾಡಿ, ಫರ್ಮ್‌ವೇರ್ ಹೊಸದು ಹಾಕಿ, ಬೇರೆ ಲೆನ್ಸ್, ಬೇರೆ ಕಾರ್ಡ್ ಇಟ್ಟು, ಹಗಲ ಬೆಳಕಿನಲ್ಲಿ ಮೂಲ ಐಎಸ್‌ಒನಲ್ಲಿ ತೆಗೆದರೂ ಆಕಾಶದಲ್ಲಿ ಎದ್ದು ಕಾಣುವ ತರಿ ಇದ್ದರೆ ಅದು ಮಾಮೂಲಿಯಲ್ಲ. ಮುಚ್ಚಳ ಹಾಕಿ ತೆಗೆದ ಚಿತ್ರದಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಇಡೀ ಸಾಲು ಹೊಳೆಯುತ್ತಿದ್ದರೆ, ಒಂದು ಮೂಲೆ ಮಾತ್ರ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದರೆ, ಪಿಕ್ಸೆಲ್ ಮ್ಯಾಪಿಂಗ್ ಆದಮೇಲೂ ಚುಕ್ಕಿಗಳು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ ವಾರಂಟಿ ಮುಗಿಯುವ ಮೊದಲೇ ಹೋಗಿ.

ಹೋಗುವಾಗ ಸಾಕ್ಷಿ ಕೈಯಲ್ಲಿರಲಿ. ಮುಚ್ಚಳ ಹಾಕಿ ತೆಗೆದ ರಾ ಫೈಲ್‌ಗಳು ಐಎಸ್‌ಒ 100, 1600, 6400ರಲ್ಲಿ ಒಂದೊಂದು. ಹಗಲ ಬೆಳಕಿನದ್ದು ಒಂದು. ಎಡಿಟ್ ಮಾಡಿದ ಜೆಪೆಗ್ ಒಯ್ಯಬೇಡಿ, ನಿಮ್ಮ ಎಡಿಟಿಂಗ್‌ನದ್ದೇ ತಪ್ಪು ಎಂದು ವಾಪಸ್ ಕಳಿಸುತ್ತಾರೆ.